ಮಾಂಸ ತೆಗೆದ ಮೇಲೆ ತಟ್ಟೆಗೆ ಏನು ಬಡಿಸಬೇಕು?

2022ರ ಬೇಸಿಗೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪೌಷ್ಟಿಕಾಂಶ ವಿಜ್ಞಾನಿ ಕ್ರಿಸ್ಟೋಫರ್ ಗಾರ್ಡ್‌ನರ್ ಅವರ ತಂಡ 22 ಜೋಡಿ ತದ್ರೂಪಿ ಅವಳಿಗಳನ್ನು ಒಂದು ಪ್ರಯೋಗಕ್ಕೆ ಒಪ್ಪಿಸಿತು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಎಂಟು ವಾರ ವೀಗನ್ ಊಟ: ಮಾಂಸ, ಮೀನು, ಮೊಟ್ಟೆಯಷ್ಟೇ ಅಲ್ಲ, ಹಾಲು, ಮೊಸರು, ಬೆಣ್ಣೆಯೂ ಇಲ್ಲ. ಇನ್ನೊಬ್ಬರಿಗೆ ಮಾಂಸವೂ ಇರುವ, ಆದರೆ ತರಕಾರಿ, ಹಣ್ಣು, ಇಡೀ ಧಾನ್ಯಗಳನ್ನು ಧಾರಾಳವಾಗಿ ಸೇರಿಸಿದ ಊಟ. ಇಬ್ಬರ ವಂಶವಾಹಿಯೂ ಒಂದೇ ಆದ್ದರಿಂದ, ಕೊನೆಗೆ ರಕ್ತಪರೀಕ್ಷೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಹುಟ್ಟುಗುಣವನ್ನು ದೂರುವಂತಿರಲಿಲ್ಲ.

ಫಲಿತಾಂಶ 2023ರ ನವೆಂಬರ್‌ನಲ್ಲಿ ‘ಜಾಮಾ ನೆಟ್‌ವರ್ಕ್ ಓಪನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವೀಗನ್ ಊಟ ಮಾಡಿದವರಲ್ಲಿ ಎಲ್‌ಡಿಎಲ್, ಅಂದರೆ ನಾವು ಕೆಟ್ಟ ಕೊಲೆಸ್ಟೆರಾಲ್ ಎನ್ನುವುದು, ಸರಾಸರಿ 110.7ರಿಂದ 95.5ಕ್ಕೆ ಇಳಿದಿತ್ತು. ಮಾಂಸ ತಿಂದ ಅವಳಿಗಳಲ್ಲಿ ಅದು 118.5ರಿಂದ 116.1ಕ್ಕೆ ಬಂದಿತ್ತು. ಖಾಲಿ ಹೊಟ್ಟೆಯ ಇನ್ಸುಲಿನ್ ವೀಗನ್ ಗುಂಪಿನಲ್ಲಿ ಸುಮಾರು ಶೇ 20ರಷ್ಟು ತಗ್ಗಿತ್ತು, ತೂಕವೂ ಇನ್ನೊಂದು ಗುಂಪಿಗಿಂತ ಸುಮಾರು ಎರಡು ಕಿಲೊ ಹೆಚ್ಚು ಇಳಿದಿತ್ತು. 44 ಜನ, ಎಂಟು ವಾರ, ಎಲ್ಲರೂ ಆರೋಗ್ಯವಂತರು. ಅಧ್ಯಯನ ಸಣ್ಣದು, ಅದು ಹೇಳಿದ್ದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ಹೇಳಿಸಬಾರದು. ಆದರೂ ಜಗತ್ತಿನ ಪತ್ರಿಕೆಗಳೆಲ್ಲ ಈ ಅಂಕಿಗಳನ್ನು ಬರೆದವು, ನೆಟ್‌ಫ್ಲಿಕ್ಸ್ 2024ರ ಜನವರಿಯಲ್ಲಿ ಈ ಅವಳಿಗಳ ಮೇಲೆ ಒಂದು ಸರಣಿಯನ್ನೇ ತಂದಿತು.

ಅದೇ ಪ್ರಬಂಧದಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿದೆ. ಊಟದಿಂದ ಸಿಕ್ಕ ತೃಪ್ತಿ ವೀಗನ್ ಗುಂಪಿನವರಲ್ಲಿ ಕಡಿಮೆಯಿತ್ತು. ಮೊದಲ ನಾಲ್ಕು ವಾರ ಎಲ್ಲರ ಮನೆ ಬಾಗಿಲಿಗೆ ತಯಾರಾದ ಊಟ ಬರುತ್ತಿತ್ತು, ನಂತರದ ನಾಲ್ಕು ವಾರ ಅವರೇ ಬೇಯಿಸಿಕೊಳ್ಳಬೇಕಿತ್ತು. ದೇಹ ಸಂತೋಷವಾಗಿ ಒಪ್ಪಿಕೊಂಡ ಊಟವನ್ನು ನಾಲಿಗೆ ಒಪ್ಪಿರಲಿಲ್ಲ. ಮೊದಲ ಸಲ ಸಸ್ಯಾಹಾರಕ್ಕೆ ಹೊರಟವರೆಲ್ಲ ಎಡವುವ ಜಾಗ ಇದೇ ಎಂಬುದು ನನ್ನ ನಂಬಿಕೆ. ಅಮೆರಿಕದ ಫೌನಲಿಟಿಕ್ಸ್ ಎಂಬ ಸಂಸ್ಥೆ 2014ರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ನಡೆಸಿದ ಸಮೀಕ್ಷೆಯ ಪ್ರಕಾರ, ಸಸ್ಯಾಹಾರಕ್ಕೆ ಬಂದವರಲ್ಲಿ ಶೇ 84ರಷ್ಟು ಜನ ಮತ್ತೆ ಮಾಂಸಕ್ಕೆ ಮರಳಿದ್ದರು. ಮರಳಿದವರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಮೂರು ತಿಂಗಳೊಳಗೇ ಮರಳಿದ್ದರು. ಇವರ ಸಂಕಲ್ಪ ದುರ್ಬಲವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ತಟ್ಟೆಯಿಂದ ಕೋಳಿ ತೆಗೆದು, ಆ ಜಾಗಕ್ಕೆ ಏನನ್ನೂ ಬಡಿಸದೆ, ಉಳಿದ ಆಲೂಗಡ್ಡೆ ಮತ್ತು ಸಲಾಡನ್ನೇ ಊಟವೆಂದುಕೊಂಡರೆ ಯಾರೂ ಬಹಳ ದಿನ ಉಳಿಯಲಾರರು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಈ ಊರುಗಳು, ನಾವೆಲ್ಲ ಬೇ ಏರಿಯಾ ಎನ್ನುವ ಈ ಸೀಮೆ, ಆ ಖಾಲಿ ಜಾಗಕ್ಕೆ ಏನು ಬಡಿಸಬೇಕೆಂದು ಐವತ್ತು ವರ್ಷಗಳಿಂದ ಹುಡುಕುತ್ತಿದೆ. ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಟ್ಟಿದೆ.

ಬರ್ಕ್ಲಿಯ ಗ್ರಂಥಾಲಯದಲ್ಲಿ ಹುಟ್ಟಿದ ಲೆಕ್ಕ

ಮೊದಲ ಉತ್ತರ ಬಂದದ್ದು ಬರ್ಕ್ಲಿಯಿಂದ. ಫ್ರಾನ್ಸಿಸ್ ಮೂರ್ ಲಪ್ಪೆ ಎಂಬ ತರುಣಿ ವ್ಯಾಸಂಗವನ್ನು ನಡುವೆ ಬಿಟ್ಟು, ಅಲ್ಲಿನ ವಿಶ್ವವಿದ್ಯಾಲಯದ ಕೃಷಿ ಗ್ರಂಥಾಲಯದಲ್ಲಿ ಕೂತು, ಜಗತ್ತಿನಲ್ಲಿ ಜನ ಹಸಿದಿರುವುದು ಏಕೆ ಎಂದು ತಾನೇ ಲೆಕ್ಕ ಹಾಕತೊಡಗಿದರು. ಅಮೆರಿಕದಲ್ಲಿ ಬೆಳೆಯುವ ಧಾನ್ಯದ ಬಹುದೊಡ್ಡ ಪಾಲು ದನ, ಹಂದಿ, ಕೋಳಿಗಳ ಮೇವಾಗಿ ಹೋಗುತ್ತದೆ, ಅದರಲ್ಲಿ ಅಲ್ಪ ಭಾಗವಷ್ಟೇ ಮಾಂಸವಾಗಿ ಮನುಷ್ಯರಿಗೆ ಮರಳುತ್ತದೆ ಎಂಬುದು ಅವರಿಗೆ ಕಂಡಿತು. ಒಂದು ಪುಟದ ಕರಪತ್ರವಾಗಿ ಶುರುವಾದ ಬರಹ ಬೆಳೆದು 1971ರಲ್ಲಿ ‘ಡಯಟ್ ಫಾರ್ ಎ ಸ್ಮಾಲ್ ಪ್ಲಾನೆಟ್’ ಎಂಬ ಪುಸ್ತಕವಾಯಿತು. ಆಗ ಅವರಿಗೆ 27 ವರ್ಷ. ಪುಸ್ತಕದ ಲಕ್ಷಾಂತರ ಪ್ರತಿಗಳು ಮಾರಾಟವಾದವು.

ಮಾಂಸವಿಲ್ಲದೆ ಪ್ರೋಟೀನ್ ಎಲ್ಲಿಂದ ಎಂಬ ಪ್ರಶ್ನೆ ಅಂದೂ ಮೊದಲು ಬರುತ್ತಿತ್ತು, ಇಂದೂ ಬರುತ್ತದೆ. ಲಪ್ಪೆ ಅದಕ್ಕೆ ಕೋಷ್ಟಕಗಳನ್ನೇ ಕೊಟ್ಟರು. ಅಕ್ಕಿ, ಗೋಧಿಯಲ್ಲಿ ಕಡಿಮೆಯಿರುವ ಅಮೈನೊ ಆಮ್ಲ ಬೇಳೆಕಾಳಿನಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವುದು ಧಾನ್ಯದಲ್ಲಿದೆ, ಆದ್ದರಿಂದ ಒಂದೇ ಊಟದಲ್ಲಿ ಎರಡನ್ನೂ ಇಂಥ ಪ್ರಮಾಣದಲ್ಲಿ ಸೇರಿಸಿ ಎಂದರು. ಇದರಿಂದ ಧೈರ್ಯ ಬಂದವರು ಅನೇಕರು, ಅಳತೆಗಳಿಗೆ ಹೆದರಿದವರೂ ಇದ್ದರು. ಹತ್ತು ವರ್ಷಗಳ ನಂತರದ ಆವೃತ್ತಿಯಲ್ಲಿ ಲಪ್ಪೆ ತಾವೇ ಆ ಮಾತನ್ನು ಹಿಂದಕ್ಕೆ ಪಡೆದರು. ದಿನವಿಡೀ ಬಗೆಬಗೆಯ ಧಾನ್ಯ, ಕಾಳು, ತರಕಾರಿಗಳನ್ನು ಹೊಟ್ಟೆ ತುಂಬ ತಿಂದರೆ ಸಾಕು, ಪ್ರತಿ ತುತ್ತಿಗೂ ಜೋಡಿ ಹುಡುಕಬೇಕಾಗಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆದರು. ತನ್ನನ್ನು ಪ್ರಸಿದ್ಧಗೊಳಿಸಿದ ವಾದವನ್ನೇ ತಿದ್ದಿಕೊಂಡ ಆ ಪ್ರಾಮಾಣಿಕತೆಯನ್ನು ನಾನು ತುಂಬ ಗೌರವಿಸುತ್ತೇನೆ.

ಲೆಕ್ಕ ಕಷ್ಟದ್ದೂ ಅಲ್ಲ. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಸಾಕು ಎಂಬುದು ಇಲ್ಲಿನ ಶಿಫಾರಸು. 70 ಕಿಲೊ ತೂಗುವವರಿಗೆ 56 ಗ್ರಾಂ. ಬೇಯಿಸಿದ ಒಂದು ಕಪ್ ಗಟ್ಟಿ ಬೇಳೆಯಲ್ಲಿ ಸುಮಾರು 18 ಗ್ರಾಂ, 50 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 13, ಒಂದು ಕಪ್ ಮೊಸರಿನಲ್ಲಿ 8, ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 7. ಇಷ್ಟಕ್ಕೇ 46 ಆಯಿತು. ಉಳಿದದ್ದು ಅನ್ನ, ಚಪಾತಿ, ತರಕಾರಿಯಿಂದ ತಾನಾಗಿ ಬರುತ್ತದೆ. ಗಮನಿಸಬೇಕಾದ ಶಬ್ದ ‘ಗಟ್ಟಿ’. ತಟ್ಟೆಯ ತುಂಬ ಅನ್ನ, ಮೇಲೆ ತಿಳಿಸಾರು, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ ಎಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಪ್ರೋಟೀನಿನ ಭಯದಲ್ಲಿ ಜನ ಮರೆಯುವ ಎರಡು ಸಂಗತಿಗಳಿವೆ, ಅವೇ ನಿಜಕ್ಕೂ ಎಚ್ಚರ ಬೇಡುವಂಥವು. ಒಂದು ಬಿ12. ಇದನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ, ಬ್ಯಾಕ್ಟೀರಿಯಾ ಮಾಡುತ್ತವೆ. ನಮಗೆ ಅದು ಸಿಗುವುದು ಮಾಂಸ, ಮೊಟ್ಟೆ, ಹಾಲಿನ ಮೂಲಕ. ದಿನಕ್ಕೆ ಬೇಕಾದದ್ದು ಬರೀ 2.4 ಮೈಕ್ರೊಗ್ರಾಂ, ಒಂದು ಲೋಟ ಹಾಲಿನಲ್ಲಿ ಅದರ ಸುಮಾರು ಅರ್ಧವಿರುತ್ತದೆ. ಹಾಲು, ಮೊಸರನ್ನೂ ಬಿಟ್ಟವರು ಮಾತ್ರೆ ತೆಗೆದುಕೊಳ್ಳಲೇಬೇಕು, ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಸಂಗ್ರಹವಿರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಕೈಕಾಲು ಜೋಮು, ಸುಸ್ತು, ಮರೆವು ಶುರುವಾಗುವ ಹೊತ್ತಿಗೆ ಊಟ ಬದಲಿಸಿದ್ದೇ ನೆನಪಿನಲ್ಲಿ ಇರುವುದಿಲ್ಲ. ಇನ್ನೊಂದು ಕಬ್ಬಿಣ. ಸೊಪ್ಪು, ಕಾಳುಗಳ ಕಬ್ಬಿಣವನ್ನು ದೇಹ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಆದ್ದರಿಂದ ಸಸ್ಯಾಹಾರಿಗಳಿಗೆ 1.8 ಪಟ್ಟು ಹೆಚ್ಚು ಬೇಕು ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಟ್ಟಾಗುವ ಹೆಣ್ಣುಮಕ್ಕಳು ಇದನ್ನು ಹಗುರವಾಗಿ ಕಾಣಬಾರದು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಬಿಟ್ಟುಹೋಗುತ್ತದೆ, ಕಾಫಿಯನ್ನು ಒಂದು ಗಂಟೆ ಮುಂದೂಡಿ.

ಹೊಟ್ಟೆಯುಬ್ಬರದ ಮಾತನ್ನೂ ನಾಚಿಕೆಯಿಲ್ಲದೆ ಹೇಳಿಬಿಡಬೇಕು, ಏಕೆಂದರೆ ಎಷ್ಟೋ ಜನ ಎರಡನೆಯ ವಾರದಲ್ಲಿ ಬಿಟ್ಟುಕೊಡುವುದು ಇದರಿಂದಲೇ. ಅಮೆರಿಕದ ಸರಾಸರಿ ಊಟದಲ್ಲಿ ದಿನಕ್ಕೆ ಸುಮಾರು 15 ಗ್ರಾಂ ನಾರಿರುತ್ತದೆ. ಅಲ್ಲಿಂದ ಒಮ್ಮೆಲೇ ಮೂರು ಹೊತ್ತೂ ಕಾಳು ತಿನ್ನುವುದಕ್ಕೆ ಹಾರಿದರೆ, ನಮ್ಮ ದೇಹ ಅರಗಿಸಲಾರದ ಕಾಳಿನ ಸಕ್ಕರೆಗಳನ್ನು ಕರುಳಿನ ಬ್ಯಾಕ್ಟೀರಿಯಾ ತಿಂದು ಗಾಳಿ ತುಂಬಿಸುತ್ತವೆ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲುವುದು, ಮೊಳಕೆ ಕಟ್ಟುವುದು, ಇಂಗು, ಶುಂಠಿ ಹಾಕುವುದು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಮೊದಲ ವಾರ ಹೆಸರುಬೇಳೆಯಷ್ಟೇ ಸಾಕು. ಕಡಲೆಕಾಳು, ರಾಜ್ಮಾ ಆಮೇಲೆ. ಕೆಲವು ವಾರಗಳಲ್ಲಿ ಕರುಳು ಹೊಂದಿಕೊಳ್ಳುತ್ತದೆ.

ರುಚಿಯ ಹುಡುಕಾಟ

ಎಪ್ಪತ್ತರ ದಶಕದ ಸಸ್ಯಾಹಾರ ಇಲ್ಲಿ ಬಹುಪಾಲು ಕರ್ತವ್ಯದ ಊಟವಾಗಿತ್ತು: ಕಂದು ಅಕ್ಕಿ, ಮೊಳಕೆಕಾಳು, ಬೀಜಗಳನ್ನು ಅರೆದು ಸುಟ್ಟ ಭಾರವಾದ ಬಿಲ್ಲೆ. ಅದನ್ನು ಮೃದುಗೊಳಿಸಿದವರಲ್ಲಿ ನಮ್ಮ ಕಡೆಯ ನಂಟಿರುವವರೂ ಇದ್ದಾರೆ. ಕೇರಳದಿಂದ ಬಂದ ಏಕನಾಥ ಈಶ್ವರನ್ 1961ರಲ್ಲಿ ಬರ್ಕ್ಲಿಯಲ್ಲಿ ಧ್ಯಾನಕೇಂದ್ರವೊಂದನ್ನು ಕಟ್ಟಿ ಅದಕ್ಕೆ ನೀಲಗಿರಿ ಬೆಟ್ಟದ ಹೆಸರಿಟ್ಟರು. ಅವರ ಸುತ್ತ ಸೇರಿದ ಲಾರೆಲ್ ರಾಬರ್ಟ್‌ಸನ್, ಕ್ಯಾರೊಲ್ ಫ್ಲಿಂಡರ್ಸ್, ಬ್ರಾನ್ವೆನ್ ಗಾಡ್‌ಫ್ರೆ ಎಂಬ ಮೂವರು ಹೆಣ್ಣುಮಕ್ಕಳು ಬರೆದ ‘ಲಾರೆಲ್ಸ್ ಕಿಚನ್’ 1976ರಲ್ಲಿ ಬಂತು. ಮೊದಲ ಸಲ ಮಾಂಸ ಬಿಟ್ಟ ಅಮೆರಿಕದ ಸಾವಿರಾರು ಮನೆಗಳಿಗೆ ಅದು ಪಕ್ಕದಲ್ಲಿ ನಿಂತು ಹೇಳಿಕೊಡುವ ಹಿರಿಯಕ್ಕನಂತಾಯಿತು.

ನಿಜವಾದ ತಿರುವು 1979ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಝೆನ್ ಸೆಂಟರ್, ಫೋರ್ಟ್ ಮೇಸನ್‌ನ ಹಳೆಯ ಸೇನಾ ಕಟ್ಟಡವೊಂದರಲ್ಲಿ, ಗೋಲ್ಡನ್ ಗೇಟ್ ಸೇತುವೆ ಕಾಣುವ ದೊಡ್ಡ ಕಿಟಕಿಗಳ ಮುಂದೆ, ‘ಗ್ರೀನ್ಸ್’ ಎಂಬ ರೆಸ್ಟೊರೆಂಟ್ ತೆರೆಯಿತು. ಮೊದಲ ಮುಖ್ಯ ಬಾಣಸಿಗೆ ಡೆಬೊರಾ ಮ್ಯಾಡಿಸನ್. ಝೆನ್ ಸೆಂಟರಿನಲ್ಲಿ ವರ್ಷಗಟ್ಟಲೆ ಇದ್ದು, ಬರ್ಕ್ಲಿಯ ಷೆ ಪನೀಸ್ ರೆಸ್ಟೊರೆಂಟಿನ ಅಡುಗೆಮನೆಯಲ್ಲಿ ಪಳಗಿ ಬಂದವರು. ತರಕಾರಿ ಬರುತ್ತಿದ್ದದ್ದು ಸೇತುವೆಯಾಚೆ ಮರಿನ್ ಕೌಂಟಿಯಲ್ಲಿ ಝೆನ್ ಸೆಂಟರೇ ನಡೆಸುವ ಗ್ರೀನ್ ಗಲ್ಚ್ ಹೊಲದಿಂದ. ಮಾಂಸದ ಜಾಗದಲ್ಲಿ ಮಾಂಸದ ಹಾಗೆ ಕಾಣುವ ಏನನ್ನೋ ಇಡುವ ಯೋಚನೆಯನ್ನು ಅವರು ಕೈಬಿಟ್ಟರು. ಬೆಳಗ್ಗೆ ಕಿತ್ತ ಪಾಲಕ್, ಆಗ ತಾನೇ ಬಂದ ಟೊಮೆಟೊ ಇವುಗಳಿಗೇ ತಟ್ಟೆಯ ನಡುವಿನ ಸ್ಥಾನ ಕೊಟ್ಟರು. ಮಾಂಸಾಹಾರಿಗಳು ಹುಡುಕಿಕೊಂಡು ಬಂದು ಸಸ್ಯಾಹಾರ ಉಂಡ ಜಾಗ ಅದು. ಇಂದಿಗೂ ನಡೆಯುತ್ತಿದೆ.

ಇನ್ನೂ ಮೂರು ದಶಕ ಕಳೆದ ಮೇಲೆ ಇದೇ ಸೀಮೆ ನೇರ ವಿರುದ್ಧದ ದಾರಿ ಹಿಡಿಯಿತು. ಸ್ಟ್ಯಾನ್‌ಫರ್ಡಿನ ಜೀವರಸಾಯನ ವಿಜ್ಞಾನಿ ಪ್ಯಾಟ್ರಿಕ್ ಬ್ರೌನ್ 2011ರಲ್ಲಿ ರೆಡ್‌ವುಡ್ ಸಿಟಿಯಲ್ಲಿ ಇಂಪಾಸಿಬಲ್ ಫುಡ್ಸ್ ಕಂಪನಿ ಕಟ್ಟಿದರು. ಮಾಂಸಕ್ಕೆ ಮಾಂಸದ ರುಚಿ ಬರುವುದು ಮುಖ್ಯವಾಗಿ ಹೀಮ್ ಎಂಬ, ಕಬ್ಬಿಣವನ್ನು ಹಿಡಿದಿಟ್ಟುಕೊಂಡ ಅಣುವಿನಿಂದ ಎಂಬುದು ಅವರ ತಿಳಿವು. ನಮ್ಮ ರಕ್ತವನ್ನು ಕೆಂಪಾಗಿಸುವುದೂ ಅದೇ. ಸೋಯಾ ಗಿಡದ ಬೇರಿನ ಗಂಟುಗಳಲ್ಲೂ ಹೀಮ್ ಹೊತ್ತ ಒಂದು ಪ್ರೋಟೀನ್ ಇದೆ, ಅದರ ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಗೋಧಿ ಪ್ರೋಟೀನ್ ಮತ್ತು ತೆಂಗಿನೆಣ್ಣೆಯ ಜೊತೆ ಬೆರೆಸಿದರು. 2016ರಲ್ಲಿ ಹೊರಬಂದ ಆ ಬರ್ಗರ್ ಬಾಣಲೆಯಲ್ಲಿ ನಿಜವಾದ ಮಾಂಸದಂತೆಯೇ ಬಣ್ಣ ತಿರುಗುತ್ತದೆ. ಇದೇ ಸೀಮೆಯ ಇನ್ನೊಂದು ಕಂಪನಿ ಹೆಸರುಕಾಳಿನ ಪ್ರೋಟೀನಿನಿಂದ ಆಮ್ಲೆಟ್ ಆಗುವ ದ್ರವವನ್ನು ಬಾಟಲಿಯಲ್ಲಿ ಮಾರುತ್ತದೆ. ಹೆಸರುಕಾಳನ್ನು ನೆನೆಸಿ ರುಬ್ಬಿ ಕಾವಲಿಗೆ ಹುಯ್ದು ತಿಂದು ಬೆಳೆದವರಿಗೆ ಆ ಬಾಟಲಿಯೊಳಗಿನದು ಅಪರಿಚಿತವಲ್ಲ.

ಇವನ್ನು ನಾನು ತಿರಸ್ಕರಿಸುವುದಿಲ್ಲ. ಗಾರ್ಡ್‌ನರ್ ಅವರ ತಂಡವೇ 2020ರಲ್ಲಿ 36 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ಎಂಟು ವಾರ ಮಾಂಸದ ಬದಲು ಇಂಥ ಸಸ್ಯಮಾಂಸ ತಿಂದಾಗ ಎಲ್‌ಡಿಎಲ್ ಇಳಿದದ್ದು ಕಂಡಿದೆ. ಅದಕ್ಕೆ ಹಣ ಕೊಟ್ಟದ್ದು ಸಸ್ಯಮಾಂಸ ಮಾಡುವ ಬಿಯಾಂಡ್ ಮೀಟ್ ಕಂಪನಿ ಎಂಬುದನ್ನೂ ಜೊತೆಗೇ ನೆನಪಿಡಬೇಕು. ಹೊರಗೆ ಗೆಳೆಯರ ಜೊತೆ ಹೋದಾಗ ಅಂಥ ಬರ್ಗರ್ ಸಿಗುವುದು ಹೊಸಬರಿಗೆ ದೊಡ್ಡ ಅನುಕೂಲ. ಆದರೆ ಉಪ್ಪು, ಸ್ಯಾಚುರೇಟೆಡ್ ಕೊಬ್ಬು ಸಾಕಷ್ಟಿರುವ ಕಾರ್ಖಾನೆಯ ಪದಾರ್ಥವನ್ನು ದಿನದ ಊಟ ಮಾಡಿಕೊಂಡವರು ಅಡುಗೆ ಕಲಿಯುವುದೇ ಇಲ್ಲ, ಅಡುಗೆ ಕಲಿಯದವರು ಸಸ್ಯಾಹಾರದಲ್ಲಿ ಉಳಿಯುವುದು ಕಷ್ಟ.

ಬಾಡೂಟದ ಮನೆಯ ಸೊಪ್ಪು-ಕಾಳು

ಇಲ್ಲಿ ನಮ್ಮವರ ಕಡೆ ತಿರುಗುತ್ತೇನೆ. ಸನ್ನಿವೇಲ್, ಸ್ಯಾಂಟಾ ಕ್ಲಾರಾ, ಫ್ರೀಮಾಂಟ್, ಸ್ಯಾನ್ ರಮೋನ್ ಸುತ್ತ ನೆಲೆಸಿರುವ ಕನ್ನಡಿಗರಲ್ಲಿ ಹುಟ್ಟಾ ಸಸ್ಯಾಹಾರಿಗಳಿದ್ದಾರೆ, ಮಂಡ್ಯ, ಹಾಸನ, ಕೊಡಗು, ಮಂಗಳೂರು, ಬಳ್ಳಾರಿಯ ಮಾಂಸಾಹಾರಿ ಮನೆಗಳಿಂದ ಬಂದವರೂ ಇದ್ದಾರೆ. ಕರ್ನಾಟಕವೆಂದರೆ ಸಸ್ಯಾಹಾರದ ನಾಡು ಎಂದು ಉಡುಪಿ ಹೋಟೆಲುಗಳನ್ನು ನೋಡಿ ಅಮೆರಿಕದವರು ತಿಳಿಯುತ್ತಾರೆ. ಆದರೆ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಸಸ್ಯಾಹಾರಿಗಳು ಸುಮಾರು ಐವರಲ್ಲಿ ಒಬ್ಬರು. ಉಳಿದ ನಾಲ್ವರ ಮನೆಯಿಂದ ಬಂದ ಹುಡುಗ ಹುಡುಗಿಯರು ಇಲ್ಲಿ ಹವಾಮಾನದ ಚಿಂತೆಯಿಂದಲೋ, ಕೋಳಿ ಸಾಕಣೆಯ ವಿಡಿಯೊ ನೋಡಿಯೋ, ವೈದ್ಯರ ಮಾತಿನಿಂದಲೋ ಮೊದಲ ಸಲ ಮಾಂಸ ಬಿಡುತ್ತಿದ್ದಾರೆ.

ಅವರಿಗೆ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಜಗತ್ತಿನ ಅತ್ಯುತ್ತಮ ಸಸ್ಯಾಹಾರಿ ಅಡುಗೆಗಳಲ್ಲೊಂದು ನಿಮ್ಮ ಬಾಡೂಟದ ಮನೆಯಲ್ಲೇ ಇದೆ. ಹಳೆ ಮೈಸೂರು ಸೀಮೆಯ ರೈತರ ಮನೆಯಲ್ಲಿ ಬಾಡು ಬೇಯುತ್ತಿದ್ದದ್ದು ಹಬ್ಬಕ್ಕೆ, ಜಾತ್ರೆಗೆ, ನೆಂಟರು ಬಂದಾಗ, ಯುಗಾದಿಯ ಮಾರನೆಯ ಹೊಸತೊಡಕಿಗೆ. ಉಳಿದ ದಿನವೆಲ್ಲ ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು, ಮುದ್ದೆ. ಅವರೆಕಾಲದಲ್ಲಿ ಹಿದುಕಿದ ಬೇಳೆ. ಎಷ್ಟೋ ಮನೆಗಳಲ್ಲಿ ಸೋಮವಾರ ಅಥವಾ ಶನಿವಾರ ಮಾಂಸ ಮುಟ್ಟುವುದಿಲ್ಲ, ಶ್ರಾವಣದಲ್ಲಿ ತಿಂಗಳಿಡೀ ಬಿಡುತ್ತಾರೆ. ಅಂದರೆ ಅಮೆರಿಕದ ಹೊಸಬರು ಹೆದರಿ ಹೆದರಿ ಮಾಡುವ ಒಂದು ತಿಂಗಳ ಪ್ರಯೋಗವನ್ನು ಈ ಮನೆಗಳು ಪ್ರತಿ ವರ್ಷ ಯಾವ ಸದ್ದೂ ಇಲ್ಲದೆ ಮಾಡಿ ಮುಗಿಸುತ್ತವೆ. ಆ ಮೂವತ್ತು ದಿನ ನಿಮ್ಮ ಅವ್ವ ಏನು ಬೇಯಿಸುತ್ತಿದ್ದರು ಎಂದು ನೆನಪು ಮಾಡಿಕೊಂಡರೆ ನಿಮ್ಮ ಮೊದಲ ತಿಂಗಳ ಅಡುಗೆಯ ಪಟ್ಟಿ ಸಿದ್ಧ.

ಇದರಲ್ಲಿ ಇನ್ನೊಂದು ಗುಟ್ಟಿದೆ. ಮಾಂಸ ಬೇಯಿಸಿ ಗೊತ್ತಿರುವ ಕೈಗೆ ಬಾಯಿ ತುಂಬುವ ರುಚಿಯನ್ನು ಕಟ್ಟುವ ಬಗೆ ಗೊತ್ತಿರುತ್ತದೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಕೊಬ್ಬರಿ, ಗಸಗಸೆ, ಧನಿಯ, ಚಕ್ಕೆ, ಲವಂಗ, ಮೆಣಸು: ಬಾಡಿಗೆ ಅರೆಯುವ ಇದೇ ಮಸಾಲೆಯಲ್ಲಿ ಅವರೆಕಾಳು, ಅಣಬೆ, ಎಳೆ ಹಲಸಿನಕಾಯಿ ಬೆಂದರೆ ನಾಲಿಗೆ ಏನನ್ನೋ ಕಳೆದುಕೊಂಡೆ ಎನ್ನುವುದಿಲ್ಲ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿಯ ಜೊತೆ ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇವೆ. ಮಲೆನಾಡು, ಕೊಡಗಿನವರಿಗೆ ಕಳಲೆ ಮತ್ತು ಅಣಬೆ. ಸ್ಟ್ಯಾನ್‌ಫರ್ಡಿನ ಅವಳಿಗಳಿಗೆ ಎಂಟು ವಾರ ಇಂಥ ಊಟ ಹಾಕಿದ್ದರೆ ತೃಪ್ತಿಯ ಅಂಕ ಎಷ್ಟು ಬರುತ್ತಿತ್ತೋ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಸಾಮಾನು ಇಲ್ಲಿ ಸಿಗುವುದಿಲ್ಲ ಎನ್ನುವಂತಿಲ್ಲ. ಎಲ್ ಕಮಿನೊ ರಿಯಲ್ ರಸ್ತೆಯುದ್ದಕ್ಕೂ ಇರುವ ಭಾರತೀಯ ಅಂಗಡಿಗಳಲ್ಲಿ ರಾಗಿ ಹಿಟ್ಟು, ಜೋಳದ ಹಿಟ್ಟು, ‘ಕುಲ್ತಿ’ ಎಂಬ ಹೆಸರಿನಲ್ಲಿ ಹುರುಳಿ, ‘ಸುರತಿ ಪಾಪ್ಡಿ ಲಿಲ್ವಾ’ ಎಂಬ ಹೆಸರಿನಲ್ಲಿ ಶೀತಲ ಪೆಟ್ಟಿಗೆಯ ಅವರೆಕಾಳು ಸಿಗುತ್ತವೆ. ಸೊಗಡಿನ ಅವರೆಯ ಘಮ ಅದಕ್ಕಿಲ್ಲ, ಆದರೂ ಸಾರಾಗುತ್ತದೆ. ಸೊಪ್ಪಿಗೆ ಮಾತ್ರ ಭಾರತೀಯ ಅಂಗಡಿಯಲ್ಲೇ ನಿಲ್ಲಬೇಡಿ. ಚೀನೀ ಮತ್ತು ವಿಯೆಟ್ನಾಮಿ ಮಾರುಕಟ್ಟೆಗಳಲ್ಲಿ ಎಳೆ ದಂಟಿನ ಸೊಪ್ಪು ರಾಶಿ ಬಿದ್ದಿರುತ್ತದೆ. ಮೆಕ್ಸಿಕನ್ ಅಂಗಡಿಯವರು ವೆರ್ದೊಲಾಗಾಸ್ ಎಂದು ಮಾರುವುದು ನಮ್ಮ ಗೋಣಿಸೊಪ್ಪು. ಡೇಲಿ ಸಿಟಿಯ ಫಿಲಿಪಿನೊ ಅಂಗಡಿಗಳ ಮಲುಂಗಾಯ್ ನಮ್ಮ ನುಗ್ಗೆಸೊಪ್ಪು. ರಾಗಿಯ ನೂರು ಗ್ರಾಮಿನಲ್ಲಿ 350 ಮಿಲಿಗ್ರಾಮಿನಷ್ಟು ಸುಣ್ಣಾಂಶವಿದೆ, ಹಾಲು ಬಿಟ್ಟವರಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಧಾನ್ಯದಲ್ಲಿ ಸಿಗದು.

ಹೊರಗೆ ಊಟ ಮಾಡುವಾಗ ಬೇಕಾದ ಎಚ್ಚರವೇ ಬೇರೆ. ಮೆಕ್ಸಿಕನ್ ಹೋಟೆಲಿನ ಅರೆದ ಬೀನ್ಸಿಗೆ ಹಂದಿಯ ಕೊಬ್ಬು, ಅನ್ನಕ್ಕೆ ಕೋಳಿ ಬೇಯಿಸಿದ ನೀರು ಬಿದ್ದಿರಬಹುದು. ಥಾಯ್ ಕರಿಯಲ್ಲಿ ಮೀನಿನ ಸಾಸ್, ಕೊರಿಯನ್ ಕಿಮ್ಚಿಯಲ್ಲಿ ಸೀಗಡಿ, ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್, ಇಟಲಿಯ ಪಾರ್ಮಿಜಾನೊ ಚೀಸಿನಲ್ಲಿ ಕರುವಿನ ಹೊಟ್ಟೆಯ ಕಿಣ್ವ. ಮೆಕ್‌ಡೊನಾಲ್ಡ್ಸ್‌ನ ಆಲೂಗಡ್ಡೆ ಫ್ರೈಸ್‌ನಲ್ಲಿ ದನದ ಮಾಂಸದ ಸ್ವಾದ ಸೇರಿಸಿರುವುದನ್ನು ಹೇಳಿಲ್ಲವೆಂದು 2001ರಲ್ಲಿ ಹಿಂದೂಗಳೂ ಸಸ್ಯಾಹಾರಿಗಳೂ ಮೊಕದ್ದಮೆ ಹೂಡಿದರು. ಕಂಪನಿ ಕ್ಷಮೆ ಕೇಳಿ 2002ರಲ್ಲಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಕೇಳಿ ತಿನ್ನುವುದರಲ್ಲಿ ಸಂಕೋಚ ಬೇಡ, ಇಲ್ಲಿನ ಹೋಟೆಲಿನವರಿಗೆ ಇಂಥ ಪ್ರಶ್ನೆ ಅಭ್ಯಾಸವಾಗಿದೆ. ಆಸ್ಪತ್ರೆಗೆ ಸೇರಬೇಕಾಗಿ ಬಂದರೂ ಕ್ಯಾಲಿಫೋರ್ನಿಯಾದ ಕಾನೂನು ನಿಮ್ಮ ಕಡೆಗಿದೆ. 2018ರಲ್ಲಿ ಅಂಗೀಕಾರವಾದ ಶಾಸನವೊಂದು ಆಸ್ಪತ್ರೆಗಳು ಮತ್ತು ಸೆರೆಮನೆಗಳಲ್ಲಿ ಸಂಪೂರ್ಣ ಸಸ್ಯಜನ್ಯ ಊಟ ಸಿಗಲೇಬೇಕೆಂದು ವಿಧಿಸಿದೆ.

ಹುಟ್ಟಿನಿಂದ ಸಸ್ಯಾಹಾರಿಗಳಾದವರಿಗೂ ಇಲ್ಲಿ ಕಲಿಯುವುದಿದೆ. ಸ್ಯಾನ್ ಫ್ರಾನ್ಸಿಸ್ಕೊದ ಯುಸಿಎಸ್‌ಎಫ್ ವೈದ್ಯಕೀಯ ವಿಶ್ವವಿದ್ಯಾಲಯದ ಅಲ್ಕಾ ಕನಾಯಾ ಅವರ ನೇತೃತ್ವದಲ್ಲಿ 2010ರಿಂದ ‘ಮಸಾಲಾ’ ಎಂಬ ಅಧ್ಯಯನ ನಡೆದಿದೆ. ಬೇ ಏರಿಯಾ ಮತ್ತು ಶಿಕಾಗೊ ಸುತ್ತಲಿನ 906 ದಕ್ಷಿಣ ಏಷ್ಯಾದವರನ್ನು ಸೇರಿಸಿಕೊಂಡು, ನಮ್ಮವರಲ್ಲಿ ಹೃದ್ರೋಗ, ಮಧುಮೇಹ ಇಷ್ಟೊಂದು ಏಕೆ ಎಂದು ಹುಡುಕುವ ಕೆಲಸ. ಇದರಿಂದ 2015ರಲ್ಲಿ ಬಂದ ಒಂದು ವರದಿ ಊಟದ ಮೂರು ಬಗೆಗಳನ್ನು ಗುರುತಿಸಿತು. ಮಾಂಸ ಹೆಚ್ಚಿರುವ ಊಟದಲ್ಲಿ ದೇಹದ ತೂಕ, ಕೊಲೆಸ್ಟೆರಾಲ್ ಹೆಚ್ಚು. ಕರಿದ ತಿಂಡಿ, ಸಿಹಿ, ಕೆನೆಭರಿತ ಹಾಲಿನ ಪದಾರ್ಥ ಹೆಚ್ಚಿರುವ ಊಟದಲ್ಲಿ ಇನ್ಸುಲಿನ್ ಕೆಲಸ ಮಾಡದಿರುವ ತೊಂದರೆ ಹೆಚ್ಚು, ಒಳ್ಳೆಯ ಕೊಲೆಸ್ಟೆರಾಲ್ ಕಡಿಮೆ. ಹಣ್ಣು, ತರಕಾರಿ, ಬೀಜ, ಕಾಳುಗಳ ಊಟದಲ್ಲಿ ಮಾತ್ರ ರಕ್ತದೊತ್ತಡದ ಸಂಭವ ತಗ್ಗಿತ್ತು. ನಡುವಿನ ಬಗೆಯನ್ನು ಇನ್ನೊಮ್ಮೆ ನೋಡಿ. ಪೂರಿ, ಬೋಂಡ, ಮೈಸೂರು ಪಾಕ್, ತುಪ್ಪ ಸುರಿದ ಪೊಂಗಲ್, ಎಲ್ಲವೂ ಶುದ್ಧ ಸಸ್ಯಾಹಾರ. ಹಬ್ಬದ ಎಲೆಯನ್ನು ವಾರದ ಊಟ ಮಾಡಿಕೊಂಡ ಮನೆಗೆ, ಮಾಂಸ ತಿನ್ನುವುದಿಲ್ಲ ಎಂಬ ಸಮಾಧಾನ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ವಾರದಿನಗಳ ಮಟ್ಟಿಗೆ ಬಸ್ಸಾರಿನ ಮನೆ ಪೊಂಗಲ್ ಮನೆಗಿಂತ ಮುಂದಿದೆ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಈ ಮಾತು ಹೇಳಲು ಇನ್ನೊಂದು ಕಾರಣವೂ ಇದೆ. ಇಲ್ಲಿನ ಭಾರತೀಯರ ಕೂಟಗಳಲ್ಲಿ ‘ನೀವು ವೆಜ್ಜಾ?’ ಎಂಬ ಪ್ರಶ್ನೆ ಯಾವಾಗಲೂ ಬರೀ ಊಟದ ಪ್ರಶ್ನೆಯಾಗಿರುವುದಿಲ್ಲ. ತಟ್ಟೆ ನೋಡಿ ಜಾತಿ ತಿಳಿಯುವ ಚಾಳಿ ಸಮುದ್ರ ದಾಟಿ ಬಂದಿದೆ. ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸುವ ಮಸೂದೆಯನ್ನು ಕ್ಯಾಲಿಫೋರ್ನಿಯಾದ ಶಾಸಕಾಂಗ 2023ರಲ್ಲಿ ಅಂಗೀಕರಿಸಿತು, ಗವರ್ನರ್ ಗ್ಯಾವಿನ್ ನ್ಯೂಸಮ್ ಅಕ್ಟೋಬರ್‌ನಲ್ಲಿ ಅದನ್ನು ತಡೆಹಿಡಿದರು. ಮಸೂದೆ ಬಿದ್ದರೂ ಆ ಚರ್ಚೆ ನಮ್ಮ ಮನೆಗಳಿಂದ ಹೊರಟುಹೋಗಿಲ್ಲ. ಬಾಡೂಟದ ಮನೆಯಿಂದ ಬಂದ ತರುಣಿಯೊಬ್ಬಳು ಮಾಂಸ ಬಿಟ್ಟರೆ, ಊರಿನಲ್ಲಿ ಹೆತ್ತವರಿಗೆ ಮಗಳು ತಮ್ಮ ಅಡುಗೆಯ ಬಗ್ಗೆ ನಾಚಿಕೊಂಡಳೇ ಎಂದು ನೋವಾಗುತ್ತದೆ. ಇಲ್ಲಿ ಕೆಲವರಿಗೆ ಅವಳು ಮೇಲೇರಿ ತಮ್ಮ ಕಡೆ ಬಂದಳೆಂಬ ಭಾವನೆ. ಎರಡೂ ಅವಳ ನಿರ್ಧಾರಕ್ಕೆ ಸಂಬಂಧಪಟ್ಟದ್ದಲ್ಲ. ಅವಳು ಹಂಗಿಲ್ಲದೆ ‘ನಮ್ಮನೇಲಿ ಬಾಡು ಮಾಡ್ತೀವಿ, ನಾನು ಈಗ ತಿನ್ನಲ್ಲ’ ಎನ್ನುವಂತಾಗಬೇಕು. ಕನ್ನಡ ಕೂಟದ ಪಾಟ್‌ಲಕ್ಕಿಗೆ ಅವಳು ತಂದ ಮಸ್ಸೊಪ್ಪಿನ ಪಾತ್ರೆಯನ್ನು ಯಾವ ಅಡುಗೆಮನೆಯಿಂದ ಬಂತು ಎಂದು ಕೇಳದೆ ಎಲ್ಲರೂ ಬಡಿಸಿಕೊಳ್ಳಬೇಕು. ಪಾತ್ರೆಯ ಪಕ್ಕದ ಚೀಟಿಯಲ್ಲಿ ಒಳಗಿರುವುದನ್ನು ಬರೆದಿಟ್ಟರೆ ಸಾಕು: ತೊಗರಿಬೇಳೆ, ದಂಟು, ಬೆಳ್ಳುಳ್ಳಿ, ತುಪ್ಪ ಇಲ್ಲ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಬಸ್ಸಾರನ್ನೇ ಹೇಳುತ್ತೇನೆ. ತೊಗರಿಬೇಳೆ ಅಥವಾ ನೆನೆಸಿದ ಹುರುಳಿಯನ್ನು ಬೇಯಿಸಿ, ಹದವಾದ ಮೇಲೆ ಎರಡು ಹಿಡಿ ದಂಟಿನ ಸೊಪ್ಪು ಹಾಕಿ ಇನ್ನೊಂದು ಕುದಿ ಬರಿಸಿ, ಕಟ್ಟು ಬಸಿದುಕೊಳ್ಳಿ. ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಹುಣಸೆಹಣ್ಣಿನ ಜೊತೆ ಒಂದು ಹಿಡಿ ಬೆಂದ ಸೊಪ್ಪು-ಕಾಳನ್ನೂ ರುಬ್ಬಿ ಹಾಕಿ ಕುದಿಸಿದರೆ ಸಾರು. ಒಂದೇ ಪಾತ್ರೆಯಿಂದ ಎರಡು ಅಡುಗೆ, ನೀರಿಗೆ ಬಿಟ್ಟ ಸತ್ವವೂ ಚೆಲ್ಲಿಹೋಗುವುದಿಲ್ಲ. ಹದ ಮಾತ್ರ ಮನೆಮನೆಗೆ ಬೇರೆ. ಊರಿಗೆ ಫೋನ್ ಮಾಡಿದಾಗ ಕಟ್ಟು ಎಷ್ಟು ಉಳಿಯಬೇಕು, ಈರುಳ್ಳಿ ಎಷ್ಟು ಕಪ್ಪಾಗಬೇಕು, ಯಾವ ಸೊಪ್ಪಿಗೆ ಯಾವ ಕಾಳು ಎಂದು ಕೇಳಿ ಬರೆದಿಟ್ಟುಕೊಳ್ಳಿ.